ಸಾಲಿನಲ್ಲಿ ಮೂರನೆಯವರಿಗೆ ಕೆಂಪು ದೀಪ

ಸ್ವಲ್ಪ ನಿಲ್ಲಿ, ಇದನ್ನು ಬೆರಳಿನಿಂದ ಮೇಲೆ ತಳ್ಳಿಬಿಡಬೇಡಿ. ರ್ಯಾಂಡಮ್ ನಂಬರ್ ಎಂದ ಕೂಡಲೇ ಗಣಿತದ ಪಾಠ ಅನ್ನಿಸುತ್ತದೆ, ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಇಲ್ಲಿ ಒಬ್ಬ ಹೆಂಗಸಿನ ಕೆಲಸ ಒಂದು ದೀಪದ ಬಣ್ಣಕ್ಕೆ ಗಂಟು ಬಿದ್ದಿತ್ತು. ಆ ದೀಪ ಹತ್ತುವ ತನಕ ನನ್ನ ಜೊತೆ ಬನ್ನಿ.

ವಾಡಿಯಲ್ಲಿ ನಮ್ಮ ಕಾಕಾನ ಮೋಟಾರು ವೈಂಡಿಂಗ್ ಅಂಗಡಿ ಇದೆ. ಅದರ ಒಂದು ಮೂಲೆಯ ಟೇಬಲ್ ನನ್ನದು. ಪಂಪು, ಫ್ಯಾನು ಕಾಕಾನಿಗೆ. ಮೊಬೈಲು, ಇನ್ವರ್ಟರು, ಒಳಗೆ ಚಿಪ್ ಇರುವ ಏನೇ ಬಂದರೂ ನನಗೆ. ಕಲಿತದ್ದೆಲ್ಲ ಫೋನಿನಲ್ಲಿ ವೀಡಿಯೊ ನೋಡಿ, ಒಂದಷ್ಟು ಸುಟ್ಟು, ಮತ್ತೆ ಮಾಡಿ. ವಾಡಿಗೂ ಶಹಾಬಾದಿಗೂ ನಡುವೆ ಇರುವ ಒಂದು ಸಿಮೆಂಟ್ ಕಾರ್ಖಾನೆಯಿಂದ (ಹೆಸರು ಬೇಡ) ಸೆಕ್ಯುರಿಟಿ ಸೂಪರ್‌ವೈಸರ್ ಫೋನ್ ಮಾಡಿದರು. ಗೇಟಿನ ಡಬ್ಬಿಯ ಗುಂಡಿ ಒತ್ತಿದರೆ ಒಳಗೇ ಕೂತುಬಿಡುತ್ತದಂತೆ, ಬಂದು ನೋಡು ಎಂದರು.

ಡಬ್ಬಿ ಎಂದರೆ ಕಬ್ಬಿಣದ ಒಂದು ಸಣ್ಣ ಪೆಟ್ಟಿಗೆ. ಒಂದು ಗುಂಡಿ, ಎರಡು ದೀಪ. ಕೆಲಸ ಮುಗಿಸಿ ಹೊರಗೆ ಹೋಗುವ ಎಲ್ಲರೂ ಗುಂಡಿ ಒತ್ತಬೇಕು. ಹಸಿರು ಹತ್ತಿದರೆ ಮನೆಗೆ. ಕೆಂಪು ಹತ್ತಿದರೆ ಪಕ್ಕದ ತಗಡಿನ ಶೆಡ್ಡಿಗೆ, ತಪಾಸಣೆಗೆ. ಅಷ್ಟು ಮಂದಿಯನ್ನು ದಿನಾ ತಡಕಿ ನೋಡಲು ಆಗುವುದಿಲ್ಲ. ಕಾವಲಿನವರೇ ಆರಿಸಿದರೆ, ಇವನಿಗೆ ನನ್ನ ಮೇಲೆ ಸಿಟ್ಟು ಎಂದು ಜಗಳ. ಅದಕ್ಕೇ ಈ ಡಬ್ಬಿ. ಅದಕ್ಕೆ ಯಾರ ಪರಿಚಯವೂ ಇಲ್ಲ, ಯಾರ ಮೇಲೂ ಹಗೆ ಇಲ್ಲ. ವರ್ಕ್‌ಶಾಪಿನಿಂದ ತಾಮ್ರದ ತಂತಿ ಕಳೆಯಲು ಶುರುವಾದ ಮೇಲೆ ತಂದು ಹಾಕಿದ್ದರು.

ಗುಂಡಿಯ ಕೆಳಗೆ ಸಿಮೆಂಟ್ ಧೂಳು ಬೆರಳಿನ ಬೆವರಿಗೆ ಗಟ್ಟಿಯಾಗಿ ಕೂತಿತ್ತು. ಸ್ಪಿರಿಟ್ ಹಾಕಿ ಬ್ರಷ್ಷಿನಿಂದ ಬಿಡಿಸಿ, ಸ್ಪ್ರಿಂಗ್ ಬದಲಿಸಿದೆ. ಹೆಂಗಸರು ಹೊರಡುವ ಹೊತ್ತಾಗಿತ್ತು. ನಡೆಯುತ್ತದೋ ಇಲ್ಲವೋ ನೋಡಿಕೊಂಡೇ ಹೋಗು ಎಂದರು ಸೂಪರ್‌ವೈಸರ್. ನಿಂತೆ.

ಪ್ಯಾಕಿಂಗ್ ಕಡೆ ಕಸ ಗುಡಿಸುವ, ಒಡೆದ ಚೀಲ ಹೊಲಿಯುವ ಹೆಂಗಸರು ಸಾಲಾಗಿ ಬಂದರು. ಮೊದಲನೆಯವರಿಗೆ ಹಸಿರು, ಎರಡನೆಯವರಿಗೆ ಹಸಿರು. ಮೂರನೆಯವರು ಗುಂಡಿಯನ್ನು ಮುಟ್ಟಲೇ ಇಲ್ಲ. ಊಟದ ಚೀಲ ಹಿಡಿದುಕೊಂಡು ನೇರವಾಗಿ ಶೆಡ್ಡಿನ ಕಡೆ ಹೊರಟರು. ಹೊಸಬರಿರಬೇಕು ಎಂದುಕೊಂಡು ನಾನೇ ಕರೆದು, ಅಕ್ಕಾ ಗುಂಡಿ ಒತ್ತಿ ಹೋಗಿ ಎಂದೆ. ತಿರುಗಿ ಬಂದು ಒತ್ತಿದರು, ದೀಪದ ಕಡೆ ನೋಡಲಿಲ್ಲ. ಕೆಂಪು. ಅಷ್ಟರಲ್ಲಿ ಅವರು ಮತ್ತೆ ಶೆಡ್ಡಿನ ಬಾಗಿಲಲ್ಲಿದ್ದರು. ಸಾಲಿನಲ್ಲಿ ಹಿಂದೆ ನಿಂತವರು ಮುಖ ಮುಖ ನೋಡಿಕೊಂಡು ನಕ್ಕರು.

ತಪಾಸಣೆ ಮಾಡುವ ಮಹಿಳಾ ಗಾರ್ಡ್ ನನಗೆ ತಿಳಿಸಿ ಹೇಳಿದರು: “ಡಬ್ಬಿಗಿ ಗೊತ್ತದ ತಂಗಿ. ದಿನಾ ಆಕಿನ್ನೇ ಹಿಡೀತದ.”

ಹೊರಗಿನಿಂದ ಬಂದವರಿಗೂ ಅದೇ ನಿಯಮ. ಹೋಗುವಾಗ ನಾನೂ ಒತ್ತಿದೆ, ನನಗೂ ಕೆಂಪು ಬಂತು. ಶೆಡ್ಡಿನೊಳಗೆ ಗಾರ್ಡ್ ನನ್ನ ಸೊಂಟದ ಸುತ್ತ ಕೈಯಾಡಿಸಿದರು, ಜಡೆ ಹಿಡಿದು ನೋಡಿದರು, ಚಪ್ಪಲಿ ಬಿಡಿಸಿದರು, ಟೂಲ್ ಬ್ಯಾಗನ್ನು ನೆಲದ ಮೇಲೆ ಸುರಿಸಿದರು. ಒರಟಾಗಿ ಏನೂ ಮಾಡಲಿಲ್ಲ. ಆದರೂ ಬಸ್ಸಿನಲ್ಲಿ ಕೂತ ಮೇಲೂ ಆ ಕೈ ಮೈಮೇಲೇ ಇದ್ದ ಹಾಗಿತ್ತು. ಇದು ಅವರಿಗೆ ದಿನಾ.

ನನ್ನ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ನಿಜವಾಗಿ ರ್ಯಾಂಡಮ್ ಆಗಿರುವ ವಸ್ತು ಒಬ್ಬರ ಮೇಲೆ ಹಟ ಹಿಡಿಯುವುದಿಲ್ಲ. ಹೊಸ ಸ್ಪ್ರಿಂಗ್ ಸರಿಯಾಗಿ ಕೂತಿಲ್ಲ ಎಂದು ನೆಪ ಹೇಳಿ, ರಜೆಯ ದಿನ ಡಬ್ಬಿಯನ್ನು ಅಂಗಡಿಗೆ ತಂದೆ.

ಪ್ಲಗ್ ಹಾಕಿ ಒತ್ತುತ್ತಾ ಹೋದೆ. ಹಸಿರು, ಹಸಿರು, ಕೆಂಪು. ಆಮೇಲೆ ಒಂದಷ್ಟು ಹಸಿರು, ಮತ್ತೆ ಕೆಂಪು. ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಹಾಕಿಕೊಂಡೆ. ಪ್ಲಗ್ ಕಿತ್ತು ಮತ್ತೆ ಹಾಕಿದೆ. ಹಸಿರು, ಹಸಿರು, ಕೆಂಪು. ಮುಂದಿನದೂ ಅದೇ ಸಾಲು, ಒಂದೂ ತಪ್ಪಲಿಲ್ಲ. ಕಾಕಾ ವೈಂಡಿಂಗ್ ಬಿಟ್ಟು ಬಂದು ನಿಂತರು. ಇದಕ್ಕೆ ಬರುವುದು ಒಂದೇ ಹಾಡು, ದಿನಾ ಅದನ್ನೇ ಹಾಡುತ್ತದೆ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ, ಓಡಬೇಡಿ. ಕಂಪ್ಯೂಟರಿಗೆ ತಾನಾಗಿ ಏನನ್ನೂ ಆರಿಸಲು ಬರುವುದಿಲ್ಲ, ಹೇಳಿದ ಲೆಕ್ಕ ಮಾಡುತ್ತದೆ. ರ್ಯಾಂಡಮ್ ನಂಬರ್ ಕೊಡು ಎಂದರೆ ಒಂದು ಸಂಖ್ಯೆಯನ್ನು ಗುಣಿಸಿ, ಕೂಡಿಸಿ, ತುದಿ ಕತ್ತರಿಸಿ ಇನ್ನೊಂದು ಮಾಡುತ್ತದೆ. ಅದರಿಂದ ಮತ್ತೊಂದು. ನೋಡುವವರಿಗೆ ಗೊತ್ತುಗುರಿ ಇಲ್ಲದ ಹಾಗೆ ಕಾಣುತ್ತದೆ. ಆದರೆ ಮೊದಲ ಸಂಖ್ಯೆ ಒಂದೇ ಆಗಿದ್ದರೆ ಮುಂದಿನದ್ದೆಲ್ಲ ಒಂದೇ. ಆ ಮೊದಲ ಸಂಖ್ಯೆಗೆ ಸೀಡ್ ಎನ್ನುತ್ತಾರೆ, ಬೀಜ. ಈ ಡಬ್ಬಿ ಯಾರು ಮಾಡಿದ್ದೋ ಅದರ ಮೇಲೆ ಬರೆದಿರಲಿಲ್ಲ. ಮಾಡಿದವರು ಬೀಜ ಬದಲಿಸುವ ಏರ್ಪಾಟನ್ನೇ ಮಾಡಿರಲಿಲ್ಲ. ಇಸ್ಪೀಟು ಎಲೆಗಳನ್ನು ಒಮ್ಮೆ ಚೆನ್ನಾಗಿ ಕಲೆಸಿ ಇಟ್ಟು, ದಿನಾ ಅದೇ ಕಟ್ಟನ್ನು ಮೇಲಿನಿಂದ ಹಂಚಿದರೆ ಹೇಗೋ ಹಾಗೆ.

ಡಬ್ಬಿ ಒಂದೇ ಸಮ ನಡೆಯುತ್ತಲೇ ಇದ್ದಿದ್ದರೆ ಇದು ಯಾರಿಗೂ ತಟ್ಟುತ್ತಿರಲಿಲ್ಲ, ಸಾಲು ಮುಂದೆ ಹೋಗುತ್ತಲೇ ಇರುತ್ತಿತ್ತು. ಆದರೆ ಗಾರ್ಡ್ ರೂಮಿನಲ್ಲಿ ಇರುವುದು ಒಂದೇ ಸಾಕೆಟ್. ಹಗಲೆಲ್ಲ ಅದರಲ್ಲಿ ವಾಕಿಟಾಕಿಯ ಚಾರ್ಜರ್. ಬಿಡುವ ಹೊತ್ತಿಗೆ ಅದನ್ನು ಕಿತ್ತು ಡಬ್ಬಿಯ ಪ್ಲಗ್ ಹಾಕುತ್ತಾರೆ. ಮೊದಲು ಹೊರಡುವವರು ಹೆಂಗಸರು. ಹಾಗಾಗಿ ಡಬ್ಬಿ ದಿನಾ ಹೊಸದಾಗಿ ಏಳುತ್ತದೆ, ಮೊದಲಿನಿಂದ ಹಾಡುತ್ತದೆ.

ಸರಿ, ಆದರೆ ದಿನಾ ಅವರೇ ಯಾಕೆ ಮೂರನೆಯವರು? ಇದನ್ನು ಕೇಳಿ ತಿಳಿಯಬೇಕಾಯಿತು. ಹೆಂಗಸರೆಲ್ಲ ಒಂದೇ ಟೆಂಪೋದಲ್ಲಿ ಹೋಗುವವರು. ದಾರಿಯಲ್ಲಿ ಒಂದೊಂದು ಊರಿಗೆ ಒಂದಿಷ್ಟು ಮಂದಿ ಇಳಿಯುತ್ತಾರೆ, ಕೊನೆಗೆ ದಂಡೋತಿ. ಕೊನೆಗೆ ಇಳಿಯುವವರು ಮೊದಲು ಹತ್ತಿ ಒಳಗಿನ ಮೂಲೆಗೆ ಕೂರಬೇಕು, ಇಲ್ಲದಿದ್ದರೆ ಪ್ರತಿ ಊರಲ್ಲೂ ಎಲ್ಲರೂ ಎದ್ದು ದಾರಿ ಬಿಡಬೇಕಾಗುತ್ತದೆ. ಡಬ್ಬಿ ಬರುವುದಕ್ಕೂ ಮುಂಚೆ ಹೆಂಗಸರೇ ತಮ್ಮತಮ್ಮಲ್ಲಿ ಮಾಡಿಕೊಂಡಿದ್ದ ಏರ್ಪಾಟು ಇದು. ಟೆಂಪೋದ ಸಾಲೇ ಗೇಟಿನ ಸಾಲು. ದಂಡೋತಿಯ ಮೂವರಲ್ಲಿ ಈ ಅಕ್ಕ ಮೂರನೆಯವರು. ಮುಂದಿನ ಇಬ್ಬರಲ್ಲಿ ಯಾರಾದರೂ ರಜೆ ಹಾಕಿದ ದಿನ ಕೆಂಪು ಇವರ ಹಿಂದಿನವರಿಗೆ ಹೋಗುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇವತ್ತು ಏನೂ ತಗೊಂಡಿಲ್ಲ, ಅದಕ್ಕೇ ಬಿಟ್ಟಿದೆ ಎಂದು ಮಾತಾಡಿಕೊಳ್ಳುತ್ತಿದ್ದರಂತೆ.

ಇದನ್ನೆಲ್ಲ ಹುರುಪಿನಿಂದ ಸೂಪರ್‌ವೈಸರಿಗೆ ಹೇಳಲು ಹೋದೆ. ಫೌಜಿನಿಂದ ಬಂದ ಮನುಷ್ಯ, ಸುಮ್ಮನೆ ಪೂರ್ತಿ ಕೇಳಿದರು. ಆಮೇಲೆ, ತಡವಾಯಿತು ಎಂದರು. ವರ್ಕ್‌ಶಾಪಿನಿಂದ ಮತ್ತೊಂದು ಸುರುಳಿ ತಾಮ್ರ ಹೋಗಿತ್ತು. ಹೆಂಗಸರನ್ನು ಕೆಲಸಕ್ಕೆ ಹಚ್ಚುವ ಗುತ್ತಿಗೆದಾರ ಆ ಅಕ್ಕನಿಗೆ ಕೆಲಸಕ್ಕೆ ಬರಬೇಡ ಎಂದಿದ್ದ. ಇಷ್ಟು ದಿನ ತಡಕಿದರೂ ಅವರ ಹತ್ತಿರ ಏನೂ ಸಿಕ್ಕಿರಲಿಲ್ಲ. ಸಿಗದೇ ಇದ್ದದ್ದೇ ಅವರ ಚಾಲಾಕಿತನಕ್ಕೆ ಸಾಕ್ಷಿಯಾಗಿತ್ತು.

ಸೂಪರ್‌ವೈಸರ್ ನನ್ನನ್ನು ಕರೆದುಕೊಂಡು ಗುತ್ತಿಗೆದಾರನ ಹತ್ತಿರ ಹೋದರು. ಡಬ್ಬಿ ತಪ್ಪಾಗಿದೆ ಎಂದು ನಾನು ಹೇಳಿದೆ. ಅವನು ಅರ್ಧ ನಂಬಿದ, ಅರ್ಧ ಬಿಟ್ಟ. ಕೊನೆಗೆ ಒಂದು ಮಾತು ಹೇಳಿದ: “ಬರೋಬರ್ ಇದ್ದ ಡಬ್ಬಿ ಮಾಡ್ಕೊಂಡ್ ಬಾ. ಅದು ಆಕಿಗಿ ಬಿಟ್ರ ನಾನೂ ಡ್ಯೂಟಿ ಕೊಡ್ತೀನಿ.”

ಒಂದು ಸಲದ ದೀಪ ನೋಡಿ ಹಾಗೆ ತೀರ್ಮಾನ ಮಾಡಲು ಬರುವುದಿಲ್ಲ ಎಂದು ಅಲ್ಲೇ ಹೇಳಿದೆ. ಅವನು ಫೋನ್ ತೆಗೆದುಕೊಂಡು ಆಚೆ ಹೋದ.

ಮಾಡಲು ಕೂತೆ. ಮೊದಲು ಎಲ್ಲರೂ ಮಾಡುವ ಸುಲಭದ ದಾರಿ ಹಿಡಿದೆ. ಚಿಪ್ಪಿನ ಒಂದು ಕಾಲನ್ನು ಯಾವುದಕ್ಕೂ ಜೋಡಿಸದೆ ಬಿಟ್ಟರೆ ಅದು ಗಾಳಿಯಲ್ಲಿರುವ ವಿದ್ಯುತ್ತಿನ ಗದ್ದಲವನ್ನು ಹಿಡಿಯುತ್ತದೆ. ಅದನ್ನು ಓದಿ ಬೀಜ ಮಾಡಿಕೊಳ್ಳುವುದು. ಟೇಬಲ್ ಮೇಲೆ ಚೆನ್ನಾಗಿ ನಡೆಯಿತು. ಕಬ್ಬಿಣದ ಪೆಟ್ಟಿಗೆಯೊಳಗೆ ಹಾಕಿ ಅರ್ತಿಂಗ್ ಕೊಟ್ಟ ಕೂಡಲೇ ಗದ್ದಲ ಸತ್ತುಹೋಯಿತು, ಪ್ರತಿ ಸಲ ಅದೇ ಎರಡು ಮೂರು ಸಂಖ್ಯೆ. ಮತ್ತೆ ಹಳೇ ಹಾಡೇ ಬಂತು.

ಲೆಕ್ಕದಿಂದ ಬಾರದ ಗದ್ದಲ ಬೇಕಿತ್ತು, ಯಾರೂ ಮುಂಚೆ ಹೇಳಲು ಆಗದ್ದು. ಅದು ಝೀನರ್ ಡಯೋಡ್ ಎಂಬ ಅಕ್ಕಿ ಕಾಳಿನಷ್ಟು ಸಣ್ಣ ಬಿಡಿಭಾಗದಲ್ಲಿದೆ. ಅದಕ್ಕೆ ಉಲ್ಟಾ ವಿದ್ಯುತ್ ಕೊಟ್ಟು ಅದರ ಮಿತಿ ದಾಟಿಸಿದರೆ, ಕಟ್ಟೆ ಒಡೆದ ಹಾಗೆ ಎಲೆಕ್ಟ್ರಾನ್‌ಗಳು ನುಗ್ಗುತ್ತವೆ. ಯಾವುದು ಯಾವ ಕ್ಷಣಕ್ಕೆ ನುಗ್ಗುತ್ತದೆ ಎಂಬುದಕ್ಕೆ ಸೂತ್ರ ಇಲ್ಲ, ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತ್ತು. ಆ ಸಣ್ಣ ಗದ್ದಲವನ್ನು ಟ್ರಾನ್ಸಿಸ್ಟರ್ ಇಟ್ಟು ದೊಡ್ಡದು ಮಾಡಿ, ನಡುವೆ ಒಂದು ಗೆರೆ ಗೊತ್ತುಮಾಡಿ, ಅದರ ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ ಎಂದು ಓದಿಸಿದೆ. ಒಂದನ್ನು ಕಪ್ಪು, ಸೊನ್ನೆಯನ್ನು ಬಿಳಿ ಮಾಡಿ ಲ್ಯಾಪ್‌ಟಾಪಿನ ಪರದೆ ತುಂಬ ಚುಕ್ಕಿ ಹರಡಿದೆ. ಚೆಲ್ಲಿದ ಎಳ್ಳಿನ ಹಾಗೆ ಕಂಡಿತು. ಕುಣಿದಾಡಿದೆ.

ಕಾರ್ಖಾನೆಗೆ ಒಯ್ದು ಗೇಟಿನಲ್ಲಿ ನೋಡಿದರೆ ಪರದೆಯ ತುಂಬ ಓರೆ ಪಟ್ಟಿ, ಇಳಕಲ್ ಸೀರೆ ಹಾಸಿದ ಹಾಗೆ. ಒಳಗಿನ ದೊಡ್ಡ ಮೋಟಾರುಗಳ ಗುಂಯ್‌ಗುಡುವಿಕೆ ಅಡಾಪ್ಟರಿನ ತಂತಿಯಲ್ಲೇ ನಡೆದು ಬಂದು ನನ್ನ ಗದ್ದಲವನ್ನು ನುಂಗಿಬಿಟ್ಟಿತ್ತು. ಪಟ್ಟಿ ಕಾಣುತ್ತದೆ ಎಂದರೆ ಮುಂದಿನದನ್ನು ಊಹಿಸಬಹುದು, ಊಹಿಸಬಹುದಾದರೆ ಅದು ರ್ಯಾಂಡಮ್ ಅಲ್ಲ. ವಾಪಸ್ ತಂದೆ. ಡಯೋಡಿನ ಭಾಗವನ್ನು ಗೋಡೆಯ ಕರೆಂಟಿನಿಂದ ಬಿಡಿಸಿ ಎರಡು ಒಂಬತ್ತು ವೋಲ್ಟಿನ ಬ್ಯಾಟರಿಗೆ ಹಾಕಿದೆ. ಅಷ್ಟನ್ನೂ ಹಾಲಿನ ಪುಡಿಯ ತಗಡಿನ ಡಬ್ಬಿಯೊಳಗಿಟ್ಟು ಮುಚ್ಚಳಕ್ಕೆ ಬೆಸುಗೆ ಹಾಕಿದೆ. ಪಟ್ಟಿ ಹೋಯಿತು.

ಇನ್ನೂ ಒಂದು ಕೊರತೆ ಇತ್ತು, ಒಂದುಗಳು ಸೊನ್ನೆಗಳಿಗಿಂತ ಜಾಸ್ತಿ ಬರುತ್ತಿದ್ದವು. ಅದಕ್ಕೆ ಒಂದು ಚೆಂದದ ಉಪಾಯ ಇದೆ. ಎರಡೆರಡನ್ನು ಜೋಡಿ ಮಾಡಿ. ಎರಡೂ ಒಂದೇ ಆಗಿದ್ದರೆ ಬಿಸಾಡಿ. ಸೊನ್ನೆ-ಒಂದು ಬಂದರೆ ಸೊನ್ನೆ ಎನ್ನಿ, ಒಂದು-ಸೊನ್ನೆ ಬಂದರೆ ಒಂದು ಎನ್ನಿ. ನಾಣ್ಯ ಎಷ್ಟೇ ಒಂದು ಕಡೆ ವಾಲಿದ್ದರೂ ಈ ಎರಡು ಜೋಡಿಗಳು ಸಮನಾಗಿ ಬರುತ್ತವೆ. ಹಾಗೆ ಸೋಸಿದ ಅಂಕೆಗಳನ್ನು ಮೂರು ಮೂರಾಗಿ ತೆಗೆದುಕೊಂಡು, ಮೂರೂ ‘ಒಂದು’ ಎಂದೇ ಬಂದರೆ ಕೆಂಪು. ಎಂಟು ಸಲಕ್ಕೆ ಸರಾಸರಿ ಒಂದು ಸಲ.

ಆ ದಿನಗಳಲ್ಲೇ ಒಮ್ಮೆ ಆ ಅಕ್ಕ ಅಂಗಡಿ ಹುಡುಕಿಕೊಂಡು ಬಂದರು. ಸೂಪರ್‌ವೈಸರ್ ಹೇಳಿ ಕಳಿಸಿದ್ದರು. ಕಾಕಾ ಚಹಾ ತರಿಸಿದರು. ಟೆಂಪೋದಲ್ಲಿ ಯಾರೂ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿರಲಿಲ್ಲ, ಈಗ ಊರಲ್ಲೂ ಸುದ್ದಿಯಾಗಿದೆ ಎಂದು ಹೇಳಿದರು. ಲೋಟ ಹಿಡಿದೇ ಇದ್ದರು, ಕುಡಿಯಲಿಲ್ಲ.

“ತಂಗಿ, ಆ ಡಬ್ಬಿಗಿ ಕಣ್ಣು ಅವ ಏನು?”

ಇಲ್ಲ ಎಂದೆ.

“ಮತ್ತ ನನ್ನೇ ಯಾಕ ಹಿಡೀತದ?”

ಸಾಕೆಟ್ಟಿನ ವಿಷಯ, ಟೆಂಪೋದ ಸಾಲಿನ ವಿಷಯ ಎಲ್ಲ ಬಿಡಿಸಿ ಹೇಳಿದೆ. ತಿಳಿಯಿತು ಅವರಿಗೆ, ನಾನು ಅಂದುಕೊಂಡದ್ದಕ್ಕಿಂತ ಬೇಗ.

“ಅಂದ್ರ ನಾ ಒಂದ್ ಸೀಟ್ ಸರದ್ ಕುಂತಿದ್ರ ಬ್ಯಾರೆಕಿಗಿ ಹಿಡೀತಿತ್ತು,” ಎಂದರು. ಆಮೇಲೆ ತಾವೇ, “ಬ್ಯಾಡವ್ವಾ, ಯಾರಿಗೂ ಬ್ಯಾಡ ಅದು,” ಎಂದರು.

ಹೊಸದು ತಮಗೆ ಹಸಿರು ಕೊಡುತ್ತದೆಯೇ ಎಂದು ಕೇಳಿದರು. ಎಂಟರಲ್ಲಿ ಏಳು ಸಲ ಕೊಡಬೇಕು, ಆದರೆ ಯಾವಾಗ ಏನು ಬರುತ್ತದೆ ಎಂದು ಮಾಡಿದ ನನಗೂ ಗೊತ್ತಾಗುವುದಿಲ್ಲ, ಅದೇ ಅದರ ಹೆಚ್ಚುಗಾರಿಕೆ ಎಂದೆ. ಹೆಮ್ಮೆಯಿಂದಲೇ ಹೇಳಿದೆ.

“ಮಾಡ್ದಾಕಿ ನೀನು. ನಿನಗೇ ಗೊತ್ತಾಗಂಗಿಲ್ಲಂದ್ರ ಎಂಥಾದ್ ಮಾಡೀದಿ?” ಎಂದು ಲೋಟ ಕೆಳಗಿಟ್ಟು ಹೋದರು.

ಡಬ್ಬಿ ಕೂರಿಸುವ ಹಿಂದಿನ ದಿನ ಸೂಪರ್‌ವೈಸರ್ ನನ್ನನ್ನು ಪಕ್ಕಕ್ಕೆ ಕರೆದರು. ದನಿ ಇಳಿಸಿ, “ತಂಗಿ, ಟೇಬಲ್ ಕೆಳಗ ಒಂದ್ ಸಣ್ ಸ್ವಿಚ್ ಇಡು. ಆಕಿ ಬಂದಾಗ ನಾ ಒತ್ತತೀನಿ, ಹಸಿರು ಬರ್ಲಿ. ನಾಕ್ ದಿನ ಸಾಕು,” ಎಂದರು.

ತಂತಿ ಎರಡು ತುಂಡು, ಪ್ರೋಗ್ರಾಮಿನಲ್ಲಿ ಒಂದು ಸಾಲು. ಮಾಡುವುದಕ್ಕೆ ಚಹಾ ಕುಡಿಯುವಷ್ಟು ಹೊತ್ತೂ ಬೇಡ. ಅಲ್ಲೇ ಗಾರ್ಡ್ ರೂಮಿನ ಸ್ಟೂಲಿನ ಮೇಲೆ ಕೂತು ಯೋಚಿಸಿದೆ. ಆ ಅಕ್ಕನ ಮುಖ ನೆನಪಾಯಿತು. ಜೊತೆಗೇ ಆ ಸ್ವಿಚ್ಚು ಇನ್ನೊಬ್ಬರ ಕೈಯಲ್ಲಿರುವುದೂ ಕಂಡಿತು. ಸೂಪರ್‌ವೈಸರ್ ಬದಲಾಗುತ್ತಾರೆ, ಸ್ವಿಚ್ಚು ಅಲ್ಲೇ ಇರುತ್ತದೆ. ಹಸಿರು ತರುವ ತಂತಿಯನ್ನು ಕೆಂಪಿಗೆ ಜೋಡಿಸಲು ಬೆಸುಗೆಯ ಒಂದು ಹನಿ ಸಾಕು. ಆಗ ಯಾವ ಹೆಂಗಸನ್ನು ಶೆಡ್ಡಿಗೆ ಕಳಿಸಬೇಕು ಎಂದು ಟೇಬಲ್ಲಿನ ಹಿಂದೆ ಕೂತವನು ಆರಿಸುತ್ತಾನೆ, ಹೆಸರು ಮಾತ್ರ ಡಬ್ಬಿಯದು.

ನನ್ನ ಮಾತು ಹೀಗಿತ್ತು: “ಆಗಂಗಿಲ್ರಿ ಸಾಹೇಬ್ರ. ಇವತ್ತ ಹಸಿರಿಗಿ ಇಟ್ರ ನಾಳಿ ಕೆಂಪಿಗಿ ಇಡಂತಾರ.”

“ನಾಳಿದು ನಾಳಿ ನೋಡಮು. ಇವತ್ತ ಆಕಿದು ನೋಡು,” ಎಂದರು ಅವರು. ನಾನು ಒಪ್ಪಲಿಲ್ಲ. ಎಂಟರಲ್ಲಿ ಏಳು ಎಂಬುದೂ ನನ್ನ ತಲೆಯಲ್ಲಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಅಕ್ಕನನ್ನು ಕರೆಸಿದ್ದರು. ಬಿಡುವ ಹೊತ್ತಿಗೆ ಹೆಂಗಸರು ಸಾಲಾಗಿ ನಿಂತರು, ಗುತ್ತಿಗೆದಾರನೂ ಬೈಕಿಗೆ ಒರಗಿ ನಿಂತ. ಮೊದಲು ಹಳೇ ಡಬ್ಬಿಯ ಬಣ್ಣ ಎಲ್ಲರ ಮುಂದೆ ಬಯಲಾಗಲಿ ಎಂದು ಅದನ್ನು ಸಾಕೆಟ್ಟಿಗೆ ಹಾಕಿದೆ. ಸೂಪರ್‌ವೈಸರನ್ನು ಮೂರನೆಯವರಾಗಿ ನಿಲ್ಲಿಸಿದೆ, ಕೆಂಪು. ಪ್ಲಗ್ ಕಿತ್ತು ಹಾಕಿ ಮಹಿಳಾ ಗಾರ್ಡನ್ನೇ ಮೂರನೆಯ ಜಾಗಕ್ಕೆ ತಂದೆ, ಕೆಂಪು. ಸಾಲಿನಲ್ಲಿ ನಗು ಎದ್ದಿತು, ಈಗ ನಿಮ್ಮನ್ನು ತಡಕುವವರು ಯಾರು ಎಂದು ಯಾರೋ ಗಾರ್ಡನ್ನು ಕಾಡಿಸಿದರು. ಅಕ್ಕನೂ ಸಣ್ಣಗೆ ನಕ್ಕರು. ದಿನಾ ಅವರ ಹಿಂದೆ, ನಾಲ್ಕನೆಯವರಾಗಿ ನಿಲ್ಲುವ ಹೆಂಗಸನ್ನು ನೀವೂ ಒಮ್ಮೆ ಮೂರನೆಯ ಜಾಗಕ್ಕೆ ಬನ್ನಿ ಎಂದು ಕರೆದೆ. ಅವರು ಸೆರಗು ಎಳೆದುಕೊಂಡು, ನನಗೆ ಬೇಡ ಎಂದು ಹಿಂದೆ ಸರಿದರು.

ಹೊಸ ಡಬ್ಬಿ ಇಟ್ಟೆ. ಮೊದಲನೆಯವರಿಗೆ ಹಸಿರು. ಎರಡನೆಯವರಿಗೆ ಹಸಿರು. ಅಕ್ಕ ಈ ಸಲ ದೀಪವನ್ನೇ ನೋಡುತ್ತಾ ಗುಂಡಿ ಒತ್ತಿದರು.

ಕೆಂಪು.

ನಾಲ್ಕನೆಯ ಹೆಂಗಸು ಪಕ್ಕದವರಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: “ಹೊಸಾದಕ್ಕೂ ಗೊತ್ತಾತ್ ನೋಡು.”

ನಾನು ಗುತ್ತಿಗೆದಾರನ ಹತ್ತಿರ ಓಡಿದೆ. ಇದು ಒಂದೇ ಸಲದ್ದು, ಇದರಿಂದ ಏನೂ ಹೇಳಲು ಬರುವುದಿಲ್ಲ, ಅವರಿಗೆ ಇನ್ನೂ ಹತ್ತು ಸಲ ಒತ್ತಲು ಬಿಡಿ, ಎಲ್ಲರಿಗೂ ಬಿಡಿ ಎಂದೆ. ಒಬ್ಬರಿಗೆ ಒಂದೇ ಸಲ, ಅದು ನಿಯಮ ಎಂದ. ನಾನು ಬಿಡಲಿಲ್ಲ. ಅವನು ಸಿಟ್ಟು ಮಾಡದೆಯೇ ಕೇಳಿದ: “ಮೊದ್ಲಿಂದು ತಪ್ಪು ಅದ ಅಂತ ನೀನೇ ಅಂದಿ. ಇದು ಬರೋಬರ್ ಅದ ಅಂತನೂ ನೀನೇ ಅಂದಿ. ಈಗೇನ್ ಅಂತಿ?”

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಅವನಿಗೆ ತಿಳಿಯುವ ಹಾಗೆ ಹೇಳಲು ಬರಲಿಲ್ಲ.

ಅಕ್ಕ ಶೆಡ್ಡಿನಿಂದ ಹೊರಗೆ ಬಂದರು. ಅವರ ಬಳಿ ಏನೂ ಸಿಕ್ಕಿರಲಿಲ್ಲ. ಟೆಂಪೋ ಹತ್ತುವ ಮುಂಚೆ ನನ್ನ ಹತ್ತಿರ ನಿಂತರು.

“ಇದು ಖರೇ ಅದ ಏನು ತಂಗಿ?”

“ಖರೇ ಅದರಿ ಅಕ್ಕಾ.”

“ಸುಳ್ಳು ಡಬ್ಬಿ ಇದ್ದಾಗ, ತಪ್ಪು ಅದರದು ಅದ, ನಂದಲ್ಲ ಅಂತ ಹೇಳ್ಲಿಕ್ಕಾದ್ರೂ ಬರ್ತಿತ್ತು,” ಎಂದರು.

ಅವರಿಗೆ ಡ್ಯೂಟಿ ಸಿಗಲಿಲ್ಲ. ನಾನು ಆ ಡಬ್ಬಿಯನ್ನು ಮತ್ತೆ ಅಂಗಡಿಗೆ ತಂದು ಬಿಚ್ಚಿದೆ. ಬ್ಯಾಟರಿ ನೋಡಿದೆ, ಬೆಸುಗೆ ನೋಡಿದೆ, ಪರದೆ ತುಂಬ ಚುಕ್ಕಿ ಹರಡಿ ನೋಡಿದೆ. ಎಲ್ಲಾದರೂ ಒಂದು ದೋಷ ಸಿಕ್ಕರೆ ಸಾಕು, ಅದನ್ನು ಹಿಡಿದುಕೊಂಡು ಗೇಟಿಗೆ ಓಡಬಹುದು ಎಂದು ಹುಡುಕಿದೆ. ಸಿಗಲಿಲ್ಲ. ಅದು ಸರಿಯಾಗಿಯೇ ಇತ್ತು. ಈಗಲೂ ಆ ಗೇಟಿನಲ್ಲೇ ಇದೆ, ಸರಿಯಾಗಿಯೇ ನಡೆಯುತ್ತಿದೆ. ಎಲ್ಲರಿಗೂ ಕೆಂಪು ಬರುತ್ತದೆ, ಒಮ್ಮೆ ಆಫೀಸಿನ ದೊಡ್ಡವರಿಗೂ ಬಂದಿತ್ತಂತೆ. ಅಕ್ಕ ಹೋದ ಮೇಲೂ ತಾಮ್ರ ಕಳೆದಿದೆ ಎಂದು ಸೂಪರ್‌ವೈಸರ್ ಹೇಳಿದರು. ಹಾಗಿದ್ದರೆ ಅವರನ್ನು ಕರೆಸಿ ಎಂದೆ. ಅವರ ಜಾಗಕ್ಕೆ ಬೇರೆಯವರು ಬಂದಾಗಿದೆ ಎಂದರು. ಅಕ್ಕ ಈಗ ಶಹಾಬಾದಿನ ಕಡೆ ಕಲ್ಲು ಪಾಲಿಶ್ ಮಾಡುವಲ್ಲಿ ಕೂಲಿಗೆ ಹೋಗುತ್ತಾರೆ ಎಂದು ಕೇಳಿದ್ದೇನೆ. ಹೋಗಿ ಮಾತಾಡಿಸುವ ಧೈರ್ಯ ಇನ್ನೂ ಬಂದಿಲ್ಲ.

ಆ ಸ್ವಿಚ್ಚು ಇಡದೇ ಇದ್ದದ್ದೇ ಸರಿ ಎಂದು ನಾನು ಈಗಲೂ ನಂಬುತ್ತೇನೆ. ಆ ನಂಬಿಕೆ ದಂಡೋತಿಯ ಟೆಂಪೋ ಕಂಡಾಗಲೆಲ್ಲ ಅಲುಗಾಡುತ್ತದೆ. ನಿಮ್ಮಲ್ಲಿ ಇಂಥ ಗೇಟಿನಿಂದ ದಿನಾ ಹೊರಗೆ ಬರುವವರು ಇರಬಹುದು, ಇಂಥ ಡಬ್ಬಿ ಮಾಡುವವರೂ ಇರಬಹುದು. ನಿಮಗೆ ಕೆಂಪು ಬಂದಾಗ ಸಾಲಿನಲ್ಲಿ ಏನಾಯಿತು? ನನ್ನ ಜಾಗದಲ್ಲಿ ನೀವು ಕೂತಿದ್ದರೆ ಏನು ಮಾಡುತ್ತಿದ್ದಿರಿ? ಸರ್ಕಿಟ್ಟಿನ ವಿಷಯ ಆಮೇಲೆ ಮಾತಾಡೋಣ, ಮೊದಲು ಇದನ್ನು ಬರೆಯಿರಿ. ಒಂದೊಂದನ್ನೂ ಓದುತ್ತೇನೆ.